ಹಾಸನ ಸೀಮೆಯ ಎಣ್ಣೆ ಮತ್ತು ಅದರ ಋಣ

ಅರಕಲಗೂಡಿಗೆ ಅರ್ಕಪುರಿಯೆಂಬುದು ಪುರಾಣದ ಹೆಸರು. ಅರ್ಕನೆಂದರೆ ಸೂರ್ಯ, ಊರಿನ ಅರ್ಕೇಶ್ವರಸ್ವಾಮಿಯೂ ಆ ಹೆಸರಿನವನೇ. ಜಗತ್ತಿನಲ್ಲಿ ಉರಿಯುವ ಎಣ್ಣೆಗಳೆಲ್ಲವೂ ಸೂರ್ಯನ ಬಿಸಿಲಿನ ಸಂಗ್ರಹವೆಂಬುದು ಈಗ ಶಾಲೆಯ ಹುಡುಗರಿಗೂ ತಿಳಿದ ಸಂಗತಿ. ಹೊಂಗೆಯ ಬೀಜದಲ್ಲಿರುವುದು ಹೋದ ವರ್ಷದ ಬಿಸಿಲು. ನೆಲದ ಆಳದಿಂದ ತೆಗೆಯುವ ಕಲ್ಲೆಣ್ಣೆಯಲ್ಲಿರುವುದು ಕೋಟ್ಯಂತರ ವರ್ಷಗಳ ಹಿಂದಿನ ಬಿಸಿಲು. ಈ ಎರಡು ಎಣ್ಣೆಗಳೂ ಹಾಸನ ಜಿಲ್ಲೆಯಲ್ಲಿ ಒಂದಕ್ಕೊಂದು ಎದುರಾಗಿ ನಿಂತಿರುವ ಕಥೆ ಸ್ವಾರಸ್ಯವಾದುದು. ಒಂದು ಹೊಲದ ಬದುವಿನ ಮೇಲೆ ಬೆಳೆಯುತ್ತದೆ. ಇನ್ನೊಂದು ಹೊಲದ ಅಡಿಯಲ್ಲಿ ಉಕ್ಕಿನ ಕೊಳವೆಯೊಳಗೆ ಹರಿಯುತ್ತದೆ. ಎಣ್ಣೆಯಿಂದ ಲಾಭ ಪಡೆಯುವವನಿಗೆ ಎಣ್ಣೆ ಹುಟ್ಟಿದ ನೆಲದ ಋಣವೂ, ಎಣ್ಣೆ ಹಾದುಹೋಗುವ ನೆಲದ ಋಣವೂ ಎಷ್ಟರಮಟ್ಟಿಗೆ ಉಂಟೆಂಬ ಪ್ರಶ್ನೆಗೆ ಈ ಸೀಮೆಯಲ್ಲಿ ಕಾಲಕಾಲಕ್ಕೆ ಬೇರೆಬೇರೆ ಉತ್ತರಗಳು ದೊರೆತಿವೆ.

ಮೊದಲನೆಯ ಉತ್ತರವು ಕಲ್ಲಿನ ಮೇಲೆ ಇದೆ. ಬಿ. ಎಲ್. ರೈಸರು 1902ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಐದನೆಯ ಸಂಪುಟದಲ್ಲಿ ಹಾಸನ ಜಿಲ್ಲೆಯ ಶಾಸನಗಳು ಅಡಕವಾಗಿವೆ. ಕೊಂಗಾಳ್ವರು ಆಳಿದ ಅರಕಲಗೂಡು ಸೀಮೆಯವೂ ಅದರಲ್ಲಿ ಸೇರಿವೆ. ಹೊಯ್ಸಳರ ಕಾಲದ ದಾನಶಾಸನಗಳನ್ನು ಓದುವವರಿಗೆ ಗಾಣವೆಂಬ ಮಾತು ಪದೇಪದೇ ಕಣ್ಣಿಗೆ ಬೀಳುತ್ತದೆ. ಗಾಣದ ಮೇಲೆ ತೆರಿಗೆಯಿತ್ತು. ಆ ತೆರಿಗೆಯ ಹಣವನ್ನು ದೇವಾಲಯಕ್ಕೆ ಬಿಟ್ಟುಕೊಡುವ ವಾಡಿಕೆಯೂ ಇತ್ತು. ಇವೆರಡೂ ಅರಸರ ಮಾತಾಯಿತು. ಅದಕ್ಕಿಂತ ಗಮನಾರ್ಹವಾದುದು ಎಣ್ಣೆಯ ಕಸುಬಿನವರು ತಾವಾಗಿಯೇ ಮಾಡಿಕೊಂಡ ಕಟ್ಟುಪಾಡು. ಗಾಣಿಗರನ್ನು ಶಾಸನಗಳು ತೆಲ್ಲಿಗರೆಂದು ಕರೆಯುತ್ತವೆ. ಅವರಿಗೆ ಐವತ್ತೊಕ್ಕಲು ಎಂಬ ಸಂಘವಿದ್ದಿತೆಂದು ಕನ್ನಡನಾಡಿನ ಹಲವು ಶಾಸನಗಳಿಂದ ತಿಳಿಯುತ್ತದೆ. ಆ ಸಂಘವು ಒಂದೆಡೆ ಕುಳಿತು, ಗಾಣವೊಂದಕ್ಕೆ ಇಂತಿಷ್ಟು ಸೊಲ್ಲಗೆ ಎಣ್ಣೆಯೆಂದು ಗೊತ್ತುಮಾಡಿ ಅದನ್ನು ದೇವರ ನಂದಾದೀಪಕ್ಕೆ ಬಿಡುತ್ತಿದ್ದಿತು. ಒಬ್ಬನ ಔದಾರ್ಯಕ್ಕೆ ಬಿಟ್ಟ ದಾನ ಇದಲ್ಲ. ಕಸುಬಿನ ಒಟ್ಟು ಹೊಣೆ. ಗಾಣ ತಿರುಗಿದಷ್ಟು ದಿನ ಎಣ್ಣೆ ಕೊಡಲೇಬೇಕು. ಲಾಭವಾಯಿತೇ ನಷ್ಟವಾಯಿತೇ ಎಂದು ಯಾರೂ ಕೇಳುವಂತಿರಲಿಲ್ಲ. ಲೆಕ್ಕವೆಲ್ಲ ಗಾಣದ ಮೇಲೆ.

ದೀಪವೆಂದರೆ ದೇವರ ಮುಂದಣ ಬೆಳಕು ಮಾತ್ರವೆಂದು ಇಂದಿನವರು ತಿಳಿಯಬಹುದು. ಆ ಕಾಲದ ಊರಿನಲ್ಲಿ ದೇವಾಲಯವು ಪಾಠಶಾಲೆ, ಪಂಚಾಯಿತಿ, ಛತ್ರ ಎಲ್ಲವೂ ಆಗಿದ್ದಿತು. ಕತ್ತಲಾದಮೇಲೆ ಊರಿಗೆಲ್ಲ ಸೇರಿ ಇದ್ದ ಬೆಳಕು ಅದೊಂದೇ. ಆದ್ದರಿಂದ ತೆಲ್ಲಿಗರು ಬಿಟ್ಟ ಎಣ್ಣೆಯು ಊರಿನ ಸಾರ್ವಜನಿಕ ಬೆಳಕಿಗೆ ಸಂದ ಎಣ್ಣೆ. ಅದನ್ನು ಕಲ್ಲಿನಲ್ಲಿ ಕೆತ್ತಿಸಿ ಗುಡಿಯ ಬಾಗಿಲಲ್ಲಿ ನಿಲ್ಲಿಸಿದ್ದೂ ಸುಮ್ಮನೆಯಲ್ಲ. ಬಂದು ಹೋಗುವವರೆಲ್ಲ ಕಾಣುವ ಲೆಕ್ಕಪತ್ರ ಅದು. ತಪ್ಪಿದವನಿಗೆ ಗಂಗೆಯ ತಡಿಯಲ್ಲಿ ಗೋವನ್ನು ಕೊಂದ ಪಾಪ ತಟ್ಟುವುದೆಂದು ಕೊನೆಯಲ್ಲಿ ಶಾಪವೂ ಇರುತ್ತಿತ್ತು. ಈಗಿನ ಲೆಕ್ಕಪರಿಶೋಧಕರಿಗೆ ಅಷ್ಟು ಅಧಿಕಾರವಿಲ್ಲ!

ಆ ಗಾಣಗಳಲ್ಲಿ ಹಿಂಡುತ್ತಿದ್ದುದು ಎಳ್ಳು, ಹುಚ್ಚೆಳ್ಳು, ಹರಳು, ಹಿಪ್ಪೆ, ಹೊಂಗೆ. ತಿನ್ನುವುದಕ್ಕೆ ಎಳ್ಳು ಹುಚ್ಚೆಳ್ಳುಗಳ ಎಣ್ಣೆ. ಉರಿಸುವುದಕ್ಕೆ ಹರಳು ಹಿಪ್ಪೆ ಹೊಂಗೆಗಳದು. ಇವುಗಳಲ್ಲಿ ಹೊಂಗೆಯ ಯೋಗ್ಯತೆ ವಿಶೇಷವಾದುದು. ಅದು ಕಹಿ, ಮನುಷ್ಯರು ತಿನ್ನಲಾರರು, ಹಸಿದ ದನವೂ ಅದರ ಸೊಪ್ಪಿಗೆ ಬಾಯಿ ಹಾಕಲು ಹಿಂಜರಿಯುತ್ತದೆ. ಆದಕಾರಣವೇ ಬೇಲಿಯಿಲ್ಲದೆ ಬದುಕುತ್ತದೆ. ಬೇಸಿಗೆಯಲ್ಲಿ ಊರೆಲ್ಲ ಬೋಳಾದಾಗ ತಾನು ಚಿಗುರುತ್ತದೆ. ಹೊಂಗೆಯ ನೆರಳನ್ನು ಹೆತ್ತವಳ ಮಡಿಲಿಗೆ ಹೋಲಿಸುವ ನಾಡಮಾತು ಹುಟ್ಟಿದ್ದು ಹೀಗೆ. ಸೊಪ್ಪನ್ನು ಗದ್ದೆಗೆ ತುಳಿದರೆ ಗೊಬ್ಬರ. ಬೇಳೆಕಾಳುಗಳ ಕುಲಕ್ಕೆ ಸೇರಿದ ಮರವಾದ್ದರಿಂದ ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಹಿಡಿದು ನೆಲಕ್ಕೆ ಕೊಡುತ್ತದೆ. ಬೀಜವನ್ನು ಹಿಂಡಿದರೆ ಸುಮಾರು ನಾಲ್ಕು ಪಾಲಿಗೆ ಒಂದು ಪಾಲು ಎಣ್ಣೆ. ಮಿಕ್ಕ ಹಿಂಡಿಯು ಮತ್ತೆ ಹೊಲಕ್ಕೆ. ಎಣ್ಣೆಯು ದೀಪಕ್ಕೆ, ಗಾಡಿಯ ಅಚ್ಚಿಗೆ, ಚರ್ಮ ಹದಮಾಡುವುದಕ್ಕೆ, ಕಜ್ಜಿಗೆ ಸವರುವುದಕ್ಕೆ. 1987ರಲ್ಲಿ ವಿಶ್ವಸಂಸ್ಥೆಯ ಬ್ರುಂಟ್‌ಲ್ಯಾಂಡ್ ಆಯೋಗವು, ಇಂದಿನವರ ಅಗತ್ಯವನ್ನು ಪೂರೈಸಿಕೊಳ್ಳುವಾಗ ಮುಂದಿನವರ ಅಗತ್ಯಕ್ಕೆ ಕುಂದು ಬಾರದಂತಿರುವುದೇ ಸುಸ್ಥಿರ ಅಭಿವೃದ್ಧಿ ಎಂದು ವಿವರಿಸಿತು. ಆ ವಿವರಣೆಯನ್ನು ಕೇಳಿದ್ದರೆ ಬದುವಿನ ಮೇಲೆ ಹೊಂಗೆ ನೆಟ್ಟ ಹಳ್ಳಿಯ ಅಜ್ಜನು, ಇದರಲ್ಲಿ ಹೊಸದೇನಿದೆಯೆಂದು ಕೇಳುತ್ತಿದ್ದನೇನೋ. ಆದರೆ ಹಳೆಯದನ್ನೆಲ್ಲ ಹೊಗಳುವುದೂ ಸಲ್ಲದು. ಹೊಂಗೆಣ್ಣೆಯ ದೀಪಕ್ಕೆ ಹೊಗೆ ಹೆಚ್ಚು, ವಾಸನೆ ಹೆಚ್ಚು, ಬೆಳಕು ಕಡಿಮೆ. ಅದರ ಮುಂದೆ ಕುಳಿತು ರಾತ್ರಿ ಓದುವುದು ಕಣ್ಣಿಗೆ ಶಿಕ್ಷೆ.

ಆದ್ದರಿಂದಲೇ ಎರಡನೆಯ ಎಣ್ಣೆ ಬಂದಾಗ ಜನರು ಅದನ್ನು ಕೈಚಾಚಿ ಬರಮಾಡಿಕೊಂಡರು. 1859ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಡ್ರೇಕನೆಂಬವನು ಬಾವಿ ಕೊರೆದು ಕಲ್ಲೆಣ್ಣೆ ತೆಗೆದ ಮೇಲೆ, ಕೆಲವೇ ದಶಕಗಳಲ್ಲಿ ಅದರ ತಿಳಿಯು ಹಿಂದೂಸ್ಥಾನದ ಸಂತೆಗಳನ್ನು ಮುಟ್ಟಿತು. ಮೊದಲು ಅಮೆರಿಕದಿಂದ, ಬಳಿಕ ರಷ್ಯದಿಂದ, ಆಮೇಲೆ ಬರ್ಮಾದಿಂದ. ದೂರದಿಂದ ಬಂದ ವಸ್ತುವಿಗೆ ಕನ್ನಡಿಗರು ಸೀಮೆಯೆಂಬ ಮಾತನ್ನು ಜೋಡಿಸುವುದು ವಾಡಿಕೆ: ಸೀಮೆಸುಣ್ಣ, ಸೀಮೆಬದನೆ. ಹಾಗೆಯೇ ಇದು ಸೀಮೆಎಣ್ಣೆಯಾಯಿತು. ನಾಲ್ಕು ಗ್ಯಾಲನ್ನಿನ ಚೌಕನೆಯ ತಗಡಿನ ಡಬ್ಬದಲ್ಲಿ ಅದು ಬರುತ್ತಿದ್ದಿತು. ಎಣ್ಣೆ ಮುಗಿದ ಮೇಲೆ ಆ ಡಬ್ಬವೇ ಒಂದು ಆಸ್ತಿ. ಬಾವಿಯಿಂದ ನೀರು ಸೇದಲು ಅದು. ಅಕ್ಕಿ ತುಂಬಿಡಲು ಅದು. ಸೀಳಿ ಹರಡಿದರೆ ಸೂರಿಗೆ ತಗಡು. ಗಾಣಿಗನ ಮನೆಯ ಮಡಕೆಯನ್ನೂ ಅದೇ ಹೊರದೂಡಿತು.

ಗಾಣಿಗನ ಅವನತಿಯನ್ನು ವಿಸ್ತರಿಸಬೇಕಾದುದಿಲ್ಲ. ನೇಕಾರನಿಗೆ ಆದುದೇ ಅವನಿಗೂ ಆಯಿತು. ತಿನ್ನುವ ಎಣ್ಣೆಯ ಗಾಣಗಳು ಕೆಲಕಾಲ ಉಳಿದವು. ಉರಿಸುವ ಎಣ್ಣೆಯ ವ್ಯಾಪಾರ ಮಾತ್ರ ಒಂದೆರಡು ತಲೆಮಾರಿನಲ್ಲಿ ಕೈಬಿಟ್ಟಿತು. ಇಲ್ಲಿ ಗಮನಿಸಬೇಕಾದುದು ಬೇರೊಂದು. ಗಾಣಿಗನು ಊರಿನಲ್ಲಿದ್ದನು, ಊರಿಗೆ ಅವನ ಮೇಲೆ ಒಂದು ಹಕ್ಕಿತ್ತು. ಸೀಮೆಎಣ್ಣೆಯ ಒಡೆಯನು ನ್ಯೂಯಾರ್ಕಿನಲ್ಲಿಯೋ ಲಂಡನ್ನಿನಲ್ಲಿಯೋ ಇದ್ದನು. ಅಮೆರಿಕದ ಸ್ಟ್ಯಾಂಡರ್ಡ್ ಆಯಿಲ್ ಕಂಪೆನಿಯೂ, 1928ರಲ್ಲಿ ಒಂದಾದ ಬರ್ಮಾ-ಷೆಲ್ ಕಂಪೆನಿಯೂ ಹಿಂದೂಸ್ಥಾನದ ಎಣ್ಣೆಯ ವ್ಯಾಪಾರದ ಬಹುಭಾಗವನ್ನು ಹಂಚಿಕೊಂಡಿದ್ದವು. ಗುಡಿಯ ದೀಪಕ್ಕೆ ಒಂದು ಸೊಲ್ಲಗೆ ಬಿಡಿರೆಂದು ಅವರನ್ನು ಕೇಳುವುದು ಯಾರು, ಹೇಗೆ?

ದೂರದ ಎಣ್ಣೆಯನ್ನು ನಂಬಿದ್ದರ ಫಲವು 1942ರಲ್ಲಿ ತಿಳಿಯಿತು. ಜಪಾನೀ ಸೈನ್ಯವು ಬರ್ಮಾವನ್ನು ಹೊಕ್ಕಾಗ, ಆಂಗ್ಲರು ಯೇನಾಂಜಾಂಗಿನ ಎಣ್ಣೆಬಾವಿಗಳನ್ನು ತಾವೇ ಹಾಳುಮಾಡಿ ಹಿಮ್ಮೆಟ್ಟಿದರು. ಇಲ್ಲಿ ಸೀಮೆಎಣ್ಣೆ ಅಪೂರ್ವವಾಯಿತು. ಮೈಸೂರು ಸಂಸ್ಥಾನದ ರಸ್ತೆಗಳಲ್ಲಿ ಬಸ್ಸುಗಳು ಬೆನ್ನಿಗೆ ಇದ್ದಿಲಿನ ಒಲೆಯನ್ನು ಕಟ್ಟಿಕೊಂಡು ಕೆಮ್ಮುತ್ತ ಓಡಿದವು. ಹಿತ್ತಲಿನ ಹೊಂಗೆಯ ನೆನಪು ಆಗ ಅನೇಕರಿಗೆ ಬಂದಿದ್ದರೆ ಆಶ್ಚರ್ಯವಿಲ್ಲ. ಯುದ್ಧ ಮುಗಿಯಿತು, ಡಬ್ಬಗಳು ಮತ್ತೆ ಬಂದವು, ನೆನಪು ಅಳಿಯಿತು.

ಸ್ವಾತಂತ್ರ್ಯಾನಂತರ ಈ ಕಂಪೆನಿಗಳು ದೇಶದ ಕೈಸೇರಿದವು. ಸ್ಟ್ಯಾಂಡರ್ಡ್ ಕಂಪೆನಿಯ ವಂಶಕ್ಕೆ ಸೇರಿದ್ದ ಎಸ್ಸೋ 1974ರಲ್ಲಿ ಸರ್ಕಾರದ್ದಾಗಿ ಹಿಂದೂಸ್ತಾನ್ ಪೆಟ್ರೋಲಿಯಂ ಆಯಿತು. 1976ರಲ್ಲಿ ಬರ್ಮಾ-ಷೆಲ್ ಸರ್ಕಾರದ್ದಾಗಿ, ಮುಂದೆ ಭಾರತ್ ಪೆಟ್ರೋಲಿಯಂ ಆಯಿತು. ಒಡೆತನ ಬದಲಾದ ಮೇಲೆ ಋಣದ ಲೆಕ್ಕವೂ ಬದಲಾಗಬೇಕೆಂದು ಜನರು ನಿರೀಕ್ಷಿಸಿದ್ದರೆ ತಪ್ಪಲ್ಲ. ಮೊದಲು ನೂರಾರು ಹರದಾರಿ ದೂರದಲ್ಲಿದ್ದ ಒಡೆಯನು ಈಗ ತಮ್ಮದೇ ಸರ್ಕಾರ. ಅದಲ್ಲದೆ ಎಣ್ಣೆಯೂ ಹತ್ತಿರಕ್ಕೆ ಬಂದಿತು. 1988ರಲ್ಲಿ ಹಿಂದೂಸ್ತಾನ್ ಪೆಟ್ರೋಲಿಯಂ ಮತ್ತು ಬಿರ್ಲಾ ಸಮೂಹ ಇವುಗಳ ಪಾಲುದಾರಿಕೆಯಲ್ಲಿ ಮಂಗಳೂರು ರಿಫೈನರಿಯ ಕಂಪೆನಿ ಹುಟ್ಟಿತು. 1996ರಲ್ಲಿ ಶುದ್ಧೀಕರಣ ಆರಂಭವಾಯಿತು. 2003ರಲ್ಲಿ ಅದು ಓ.ಎನ್.ಜಿ.ಸಿ.ಯ ವಶಕ್ಕೆ ಬಂದಿತು. ಹಡಗಿನಲ್ಲಿ ಬಂದ ಕಲ್ಲೆಣ್ಣೆಯನ್ನು ಕಾಯಿಸಿ, ತಿಳಿಗೊಳಿಸಿ, ಪೆಟ್ರೋಲು, ಡೀಸೆಲು, ಸೀಮೆಎಣ್ಣೆಗಳನ್ನು ಬೇರ್ಪಡಿಸುವ ಈ ಕಾರ್ಖಾನೆಯ ಸಾಮರ್ಥ್ಯವು ವರ್ಷಕ್ಕೆ ಒಂದೂವರೆ ಕೋಟಿ ಟನ್ನುಗಳಿಗೆ ಏರಿದೆ.

ಅದರ ನೆರೆಯವರ ಅನುಭವವನ್ನು ಇಲ್ಲಿ ಒಂದೆರಡು ಮಾತಿನಲ್ಲಿ ಹೇಳಬೇಕು. ಕುತ್ತೆತ್ತೂರು, ಬಾಳ, ಪೆರ್ಮುದೆ ಮುಂತಾದ ಗ್ರಾಮಗಳ ಒಕ್ಕಲುಗಳು ಕಾರ್ಖಾನೆಗೂ ಅದರ ಸುತ್ತಣ ಉದ್ಯಮಗಳಿಗೂ ನೆಲವನ್ನು ಬಿಟ್ಟುಕೊಟ್ಟವು. ಎಣ್ಣೆಯ ಕೊನೆಯ ಗಷ್ಟವಾದ ಕೋಕಿನ ಘಟಕ ಆರಂಭವಾದ ಮೇಲೆ ಜೋಕಟ್ಟೆಯ ನಿವಾಸಿಗಳು ಮನೆಯೊಳಗೆ ಬೀಳುವ ಕರಿದೂಳಿನ ಮೇಲೆ ದೂರಿತ್ತು ಹೋರಾಡಿದರು. ನೀರಿನ ಮಾತು ಇನ್ನೂ ಬೋಧಪ್ರದವಾಗಿದೆ. ಕಾರ್ಖಾನೆಯು ನೇತ್ರಾವತಿಯ ನೀರನ್ನು ನೆಚ್ಚಿದ್ದಿತು. 2019ರ ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಹಲವು ಘಟಕಗಳನ್ನು ನಿಲ್ಲಿಸಬೇಕಾಯಿತು. ಅನಂತರ ತಣ್ಣೀರುಬಾವಿಯ ಸಮುದ್ರತೀರದಲ್ಲಿ ಉಪ್ಪುನೀರನ್ನು ಸಿಹಿಗೊಳಿಸುವ ಸ್ಥಾವರವನ್ನು ಕಟ್ಟಿತು. ಕೋಟ್ಯಂತರ ರೂಪಾಯಿಯ ಯಂತ್ರವೂ ಮಳೆಯ ಮುಂದೆ ಕೈಕಟ್ಟಿ ನಿಂತ ಮೇಲೆ ಆದ ವಿವೇಕವಾದರೂ, ವಿವೇಕವೇ ಸರಿ. ನೇತ್ರಾವತಿಯನ್ನು ಕೂಡುವ ಕೆಂಪುಹೊಳೆ, ಎತ್ತಿನಹೊಳೆಗಳು ಹಾಸನ ಜಿಲ್ಲೆಯ ಸಕಲೇಶಪುರದ ಬೆಟ್ಟಗಳಲ್ಲಿ ಹುಟ್ಟುತ್ತವೆಯೆಂಬುದನ್ನು ವಾಚಕರು ಮರೆಯಲಾಗದು. ಹಾಸನದ ನೀರು ಘಟ್ಟವಿಳಿದು ಮಂಗಳೂರಿಗೆ ಹೋಯಿತು. ಮಂಗಳೂರಿನ ಎಣ್ಣೆ ಘಟ್ಟ ಹತ್ತಿ ಹಾಸನಕ್ಕೆ ಬಂದಿತು. 2024ರ ಸೆಪ್ಟೆಂಬರಿನಿಂದ ಎತ್ತಿನಹೊಳೆಯ ನೀರನ್ನೂ ಯಂತ್ರಗಳಿಂದ ಎತ್ತಿ ಮೂಡಣ ಸೀಮೆಗೆ ತಿರುಗಿಸುವ ಕೆಲಸ ಆರಂಭವಾಗಿದೆ. ಅದು ಬೇರೆಯೇ ಒಂದು ಕಥೆ.

ಎಣ್ಣೆ ಘಟ್ಟ ಹತ್ತಿದ್ದು ಮೊದಲು ಟ್ಯಾಂಕರು ಲಾರಿಗಳಲ್ಲಿ, ಶಿರಾಡಿಯ ದಾರಿಯಲ್ಲಿ. ಆ ದಾರಿಯ ಅಪಾಯವನ್ನು ಬಲ್ಲವರೇ ಬಲ್ಲರು. 2013ರ ಏಪ್ರಿಲಿನಲ್ಲಿ ಉಪ್ಪಿನಂಗಡಿಯ ಬಳಿ ಪೆರ್ನೆಯಲ್ಲಿ ಅಡಿಗೆಯ ಅನಿಲದ ಟ್ಯಾಂಕರು ಉರುಳಿ ಸಿಡಿದು, ರಸ್ತೆಯ ಬದಿಯ ಮನೆಗಳಲ್ಲಿದ್ದವರು ಸುಟ್ಟು ಸತ್ತರು. ಲಾರಿಗಿಂತ ಕೊಳವೆ ಮೇಲೆಂಬುದರಲ್ಲಿ ಸಂದೇಹವಿಲ್ಲ. ಮಂಗಳೂರಿನಿಂದ ಬೆಳ್ತಂಗಡಿಯ ನೆರಿಯ, ಹಾಸನಗಳ ಮೂಲಕ ಬೆಂಗಳೂರಿನ ದೇವನಗೊಂದಿಗೆ ಸುಮಾರು 362 ಕಿಲೋಮೀಟರು ಉದ್ದದ ಕೊಳವೆಮಾರ್ಗವು 2003ರಲ್ಲಿ ಕೆಲಸ ಆರಂಭಿಸಿತು. ಪೆಟ್ರೋನೆಟ್ ಎಂ.ಹೆಚ್.ಬಿ. ಎಂಬ ಕಂಪೆನಿಯ ಹೆಸರಿನಲ್ಲಿ ಅದು ನಡೆಯಿತು. ಹಿಂದೂಸ್ತಾನ್ ಪೆಟ್ರೋಲಿಯಂ, ಓ.ಎನ್.ಜಿ.ಸಿ.ಗಳು ಅದರ ಮುಖ್ಯ ಪಾಲುದಾರರಾದರು. ಹಿಂದೆ ತಗಡಿನ ಡಬ್ಬವನ್ನು ಸಂತೆಗೆ ಕಳುಹಿಸಿದ ಕಂಪೆನಿಯ ವಾರಸುದಾರನು ಈಗ ಹೊಲದ ಅಡಿಯಲ್ಲೇ ಬಂದು ನೆಲೆಸಿದಂತಾಯಿತು. ಅಡಿಗೆಯ ಅನಿಲಕ್ಕೂ ಮುಂದೆ ಮಂಗಳೂರಿನಿಂದ ಹಾಸನ, ಮೈಸೂರುಗಳ ಕಡೆಗೆ ಬೇರೊಂದು ಕೊಳವೆಯನ್ನು ಹೂಳಲಾಯಿತು.

ಕೊಳವೆ ಹೂಳುವ ನೆಲಕ್ಕೆ ಸಂಬಂಧಿಸಿದ ಕಾನೂನನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಒಕ್ಕಲಿಗನಿಗೂ ಎಣ್ಣೆಯ ಕಂಪೆನಿಗೂ ಇರುವ ಸಂಬಂಧವೆಲ್ಲ ಅದರಲ್ಲಿದೆ. ಅಸ್ಸಾಮಿನ ಎಣ್ಣೆಯನ್ನು ಬಿಹಾರದ ಬರೌನಿಗೆ ಒಯ್ಯುತ್ತಿದ್ದ ದಿನಗಳಲ್ಲಿ, 1962ರಲ್ಲಿ, ಪಾರ್ಲಿಮೆಂಟು ಒಂದು ಅಧಿನಿಯಮವನ್ನು ಮಾಡಿತು. ಅದರ ಪ್ರಕಾರ ಸರ್ಕಾರವು ಹೊಲವನ್ನು ಕೊಳ್ಳುವುದಿಲ್ಲ. ಹೊಲದ ಅಡಿಯಲ್ಲಿ ಕೊಳವೆ ಇಡುವ ಬಳಕೆಯ ಹಕ್ಕನ್ನು ಮಾತ್ರ ತೆಗೆದುಕೊಳ್ಳುತ್ತದೆ. ಗೆಜೆಟ್ಟಿನಲ್ಲಿ ಪ್ರಕಟಣೆಯಾದ 21 ದಿನಗಳೊಳಗೆ ಆಕ್ಷೇಪಣೆ ಸಲ್ಲಿಸಬಹುದು. ಗೆಜೆಟ್ಟನ್ನು ಓದುವ ರೈತರೆಷ್ಟು ಮಂದಿಯೆಂಬುದು ಬೇರೆ ಮಾತು. ಹಕ್ಕು ಕೈಸೇರಿದ ಮೇಲೆ ರೈತನು ತನ್ನ ಹೊಲದಲ್ಲಿ ಎಂದಿನಂತೆ ರಾಗಿ ಜೋಳ ಬಿತ್ತಿಕೊಳ್ಳಬಹುದು. ಆದರೆ ಆ ಪಟ್ಟಿಯ ಮೇಲೆ ಮನೆ ಕಟ್ಟಕೂಡದು, ಬಾವಿ ತೋಡಕೂಡದು, ಕಟ್ಟೆ ಕಟ್ಟಕೂಡದು, ಮರ ನೆಡಕೂಡದು. ಕಡಿದ ಮರಕ್ಕೂ ಹಾಳಾದ ಬೆಳೆಗೂ ಬೇರೆ ನಷ್ಟಪರಿಹಾರವುಂಟು. ಬಳಕೆಯ ಹಕ್ಕಿಗೆಂದು ಕೊಡುವುದು ನೆಲದ ಮಾರುಕಟ್ಟೆ ಬೆಲೆಯ ನೂರಕ್ಕೆ ಹತ್ತು ಪಾಲು, ಒಂದೇ ಬಾರಿಗೆ. ಸಾಲದೆನಿಸಿದರೆ ಜಿಲ್ಲಾ ನ್ಯಾಯಾಧೀಶರ ಬಳಿ ಹೋಗಬಹುದು.

ಗೋಧಿಯ ಬಯಲಿನಲ್ಲಿ ಈ ಕಾನೂನು ಹೆಚ್ಚು ನೋಯಿಸದಿರಬಹುದು. ಮರವೇ ಆಸ್ತಿಯಾದ ನಾಡಿನಲ್ಲಿ ಹಾಗಲ್ಲ. ಘಟ್ಟದ ಮೇಲಣ ಕಾಫಿಗೆ ಮರದ ನೆರಳು ಬೇಕು. ಮೈದಾನದ ತೆಂಗು ಎರಡು ಮೂರು ತಲೆಮಾರಿಗೆ ಫಲ ಕೊಡುವ ಮರ. ಅಂತಹ ಮರವನ್ನು ಮತ್ತೆಂದೂ ನೆಡದಿರುವ ಕರಾರಿಗೆ ನೂರಕ್ಕೆ ಹತ್ತರ ಬೆಲೆಯನ್ನು ಯಾವ ತಕ್ಕಡಿಯಲ್ಲಿ ತೂಗಿದರೋ ತಿಳಿಯದು. ಹೊಲವು ರೈತನ ಹೆಸರಿನಲ್ಲಿಯೇ ಇರುತ್ತದೆ, ಕಂದಾಯವೂ ಅವನದೇ. ಮಗಳ ಮದುವೆಗೆ ಮಾರಹೊರಟಾಗ ಕೊಳ್ಳುವವನು ಕೊಳವೆಯ ಗುರುತಿನ ಕಂಬವನ್ನು ನೋಡಿ ಬೆಲೆ ಇಳಿಸುತ್ತಾನೆ. ಕೊಳವೆಯಲ್ಲಿ ಹರಿದ ಎಣ್ಣೆಯ ಮೇಲೆ, ಗಾಣಕ್ಕೆ ಒಂದು ಸೊಲ್ಲಗೆಯೆಂಬಂತೆ ವರ್ಷವರ್ಷವೂ ಸಲ್ಲುವ ಪಾಲು ಯಾವುದೂ ಆ ಹೊಲಕ್ಕಿಲ್ಲ. ತೆಲ್ಲಿಗರ ಲೆಕ್ಕವು ಗಾಣ ತಿರುಗಿದಷ್ಟು ದಿನ ನಡೆಯುತ್ತಿದ್ದಿತು; ಇದು ಒಂದು ದಿನದ ರಶೀದಿಯಲ್ಲಿ ಮುಗಿಯುತ್ತದೆ.

ಇದಕ್ಕೆ ಪ್ರತಿಯಾಗಿ 2013ರ ಕಂಪೆನಿಗಳ ಅಧಿನಿಯಮವನ್ನು ತೋರಿಸುವವರುಂಟು. ಅದರ 135ನೆಯ ವಿಧಿಯಂತೆ ದೊಡ್ಡ ಕಂಪೆನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ನೂರಕ್ಕೆ ಎರಡು ಪಾಲನ್ನು ಸಮಾಜದ ಕೆಲಸಗಳಿಗೆ ವೆಚ್ಚಮಾಡಬೇಕು. 2014ರ ಏಪ್ರಿಲ್ 1ರಿಂದ ಇದು ಜಾರಿಯಲ್ಲಿದೆ. ಶಾಲೆಗೆ ಕೊಠಡಿ, ಆಸ್ಪತ್ರೆಗೆ ಮಂಚ, ಊರಿಗೆ ಕುಡಿಯುವ ನೀರು, ಇವೆಲ್ಲ ಅದರಿಂದ ಆಗಿವೆ, ಅಲ್ಲಗಳೆಯುವುದು ಅನ್ಯಾಯ. ಕಾನೂನು ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದೂ ಹೇಳುತ್ತದೆ. ಆದರೂ ಭೇದವೊಂದುಂಟು. ಈ ಎರಡು ಪಾಲು ಲಾಭದ ಮೇಲಿನದು, ಕೆಲಸದ ಮೇಲಿನದಲ್ಲ. ಎಲ್ಲಿ ಏನು ಮಾಡಬೇಕೆಂದು ಗೊತ್ತುಮಾಡುವುದು ಕಂಪೆನಿಯ ಆಡಳಿತಮಂಡಲಿ. ವ್ಯಾಪಾರ ಒಂದು ಕಡೆ, ಧರ್ಮ ಇನ್ನೊಂದು ಕಡೆ. ವ್ಯಾಪಾರದೊಳಗೇ ಧರ್ಮವಿರಬೇಕೆಂಬ ಒತ್ತಾಯ ಅದರಲ್ಲಿಲ್ಲ.

ಅಂತಹ ಒಂದು ಅವಕಾಶ ಹಾಸನದಲ್ಲಿಯೇ ಒದಗಿತ್ತು. ಅದರ ಮೂಲ ಬಹು ಹಿಂದಿನದು. 1900ರ ಪ್ಯಾರಿಸಿನ ಪ್ರದರ್ಶನದಲ್ಲಿ ಜರ್ಮನಿಯ ರುಡಾಲ್ಫ್ ಡೀಸೆಲನು ನಿರ್ಮಿಸಿದ ಬಗೆಯ ಯಂತ್ರವೊಂದು ಕಡಲೆಕಾಯಿ ಎಣ್ಣೆಯಿಂದ ಓಡಿತು. ವ್ಯವಸಾಯದ ಎಣ್ಣೆಗೆ ಮುಂದೊಂದು ಕಾಲವಿದೆಯೆಂದು ಅವನೂ ನಂಬಿದ್ದನು. ಒಂದು ಶತಮಾನದ ಅನಂತರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಉಡುಪಿ ಶ್ರೀನಿವಾಸರು ಕಗ್ಗನಹಳ್ಳಿಯಲ್ಲಿ ಹೊಂಗೆಣ್ಣೆಯಿಂದ ಡೀಸೆಲ್ ಯಂತ್ರಗಳನ್ನು ಓಡಿಸಿ, ಆ ವಿದ್ಯುತ್ತಿನಿಂದ ನೀರೆತ್ತಿ ಹೊಲಗಳಿಗೆ ಹರಿಸಿದರು. ಎಣ್ಣೆಗೆ ಮಿಥನಾಲೆಂಬ ಮದ್ಯಸಾರವನ್ನೂ ಸ್ವಲ್ಪ ಕ್ಷಾರವನ್ನೂ ಸೇರಿಸಿ ಕಾಯಿಸಿದರೆ, ಮಂದವಾದ ಗ್ಲಿಸರಿನ್ನು ತಳಕ್ಕಿಳಿದು, ಮೇಲೆ ತೆಳುವಾದ ಜೈವಿಕ ಡೀಸೆಲ್ ನಿಲ್ಲುತ್ತದೆ. ಅದನ್ನು ಸಾಮಾನ್ಯ ಡೀಸೆಲಿನೊಡನೆ ಬೆರೆಸಬಹುದು.

2007ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ರಾಜ್ಯದ ಗ್ರಾಮೀಣಾಭಿವೃದ್ಧಿ ಇಲಾಖೆಯ ನೆರವಿನಿಂದ ಹಾಸನದ ಬಳಿಯ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನವನ್ನು ಸ್ಥಾಪಿಸಿತು. ಪ್ರಾಧ್ಯಾಪಕ ಬಾಲಕೃಷ್ಣ ಗೌಡರು ಅದರ ಮುಂದಾಳು. ಅವರ ಯೋಜನೆಯಲ್ಲಿ ಒಂದು ತಿಳಿವಳಿಕೆಯಿತ್ತು. ಆಗ ದೇಶದ ಬೇರೆ ಕಡೆಗಳಲ್ಲಿ ಜಟ್ರೋಫ ಎಂಬ ಗಿಡದ ಹುಚ್ಚು ಹಬ್ಬಿ, ಬಯಲುಗಳನ್ನೇ ಅದಕ್ಕೆ ಒಪ್ಪಿಸುವ ಮಾತು ನಡೆದಿತ್ತು. ಮಡೆನೂರಿನವರು ಒಂದೇ ಗಿಡವನ್ನು ನಂಬಲಿಲ್ಲ; ಹೊಂಗೆ, ಹಿಪ್ಪೆ, ಬೇವು, ಸೀಮರೂಬ ಮೊದಲಾದವನ್ನು ಬೆರೆಸಿದರು. ಉಳುವ ನೆಲವನ್ನು ಕೇಳಲಿಲ್ಲ. ಬದು, ಬೇಲಿ, ಹಿತ್ತಲು, ರಸ್ತೆಯಂಚು, ಗೋಮಾಳದ ಮೂಲೆ, ಇವಿಷ್ಟೇ ಸಾಕೆಂದರು. ಅನ್ನದ ಬೆಳೆಗೂ ಇಂಧನದ ಬೆಳೆಗೂ ಜಗಳ ಬಾರದಂತೆ ನೋಡಿಕೊಂಡದ್ದು ಇದರ ಹೆಗ್ಗಳಿಕೆ. ಹಳ್ಳಿಹಳ್ಳಿಯಲ್ಲಿಯೂ ಬೆಳೆಗಾರರ ಸಂಘಗಳನ್ನು ಕಟ್ಟಿ ಸಸಿಗಳನ್ನು ಹಂಚಿದರು. 2009ರಲ್ಲಿ ರಾಜ್ಯವು ಜೈವಿಕ ಇಂಧನ ನೀತಿಯೊಂದನ್ನು ಹೊರಡಿಸಿತು. ಹಸಿರು ಹೊನ್ನು, ಬರಡು ಬಂಗಾರ ಎಂಬ ಅಂದವಾದ ಹೆಸರಿನ ಕಾರ್ಯಕ್ರಮಗಳೂ ಬಂದವು. ಅದೇ ವರ್ಷ ಕೇಂದ್ರ ಸರ್ಕಾರವು 2017ರ ವೇಳೆಗೆ ಡೀಸೆಲಿಗೆ ನೂರಕ್ಕೆ ಇಪ್ಪತ್ತು ಪಾಲು ಜೈವಿಕ ಎಣ್ಣೆಯನ್ನು ಬೆರೆಸುವ ಗುರಿಯನ್ನಿಟ್ಟಿತು.

2017 ಬಂದಾಗ ದೇಶದಲ್ಲಿ ಬೆರೆತದ್ದು ನೂರಕ್ಕೆ ಒಂದು ಪಾಲೂ ಆಗಿರಲಿಲ್ಲ. ರೈತರು ನೆಡಲಿಲ್ಲವೆಂದು ಹೇಳುವವರಿದ್ದಾರೆ. ರೈತನ ಕಡೆಯಿಂದ ಲೆಕ್ಕ ಹಾಕಿದರೆ ಬೇರೆಯೇ ಕಾಣುತ್ತದೆ. ಕೇಂದ್ರದ ಕೊಳ್ಳುವ ನೀತಿಯು 2005ರಲ್ಲಿ ಪ್ರಕಟವಾಗಿ 2006ರ ಜನವರಿಯಿಂದ ಜಾರಿಗೆ ಬಂದಿತು. ಎಣ್ಣೆಯ ಕಂಪೆನಿಗಳು ಜೈವಿಕ ಡೀಸೆಲಿಗೆ ಕೊಡುವ ಬೆಲೆ ಲೀಟರಿಗೆ 25 ರೂಪಾಯಿ. ಒಂದು ಲೀಟರಿಗೆ ನಾಲ್ಕು ಕಿಲೋ ಬೀಜವೆಂದು ಹಿಡಿದರೂ, ಹಿಂಡುವ ಕೂಲಿ, ಮಿಥನಾಲ್, ಸಾಗಣೆ ಯಾವುದನ್ನೂ ಕಳೆಯದೆಯೇ ಕಿಲೋ ಬೀಜಕ್ಕೆ ಆರು ರೂಪಾಯಿಯ ಮೇಲೆ ಚಿಲ್ಲರೆ. ಖರ್ಚು ಕಳೆದರೆ ಉಳಿಯುವುದೇನು? ಹಿಂಡಿ ಮಾರಿದ ಹಣವನ್ನು ಸೇರಿಸಿದರೂ ಕಟ್ಟುವುದಿಲ್ಲ. ಬಿದ್ದ ಕಾಯನ್ನು ಬಗ್ಗಿ ಆಯ್ದು, ಒಣಗಿಸಿ, ಬಡಿದು ಬೀಜ ಬಿಡಿಸುವ ಹೆಂಗಸಿನ ದಿನಗೂಲಿ ಅದರಲ್ಲಿ ಹುಟ್ಟುತ್ತಿರಲಿಲ್ಲ. ಹೊಂಗೆ ಫಲ ಕೊಡಲು ಐದಾರು ವರ್ಷ ಕಾಯಬೇಕು. ಬೆಲೆಯ ಆಶ್ವಾಸನೆ ಅಷ್ಟು ದೂರ ನಡೆಯುವಂತಹುದಾಗಿರಲಿಲ್ಲ. ಸಸಿ ಹಂಚುವುದಕ್ಕೆ ಇಲಾಖೆಯಿತ್ತು, ಭಾಷಣಕ್ಕೆ ಮಂತ್ರಿಗಳಿದ್ದರು. ಬೀಜ ತೂಗಿ ನ್ಯಾಯವಾದ ಬೆಲೆ ಕೊಡುವ ಹೊಣೆಯನ್ನು ಎಣ್ಣೆಯ ವ್ಯಾಪಾರಿಗಳು ಹೊರಲಿಲ್ಲ.

ಅರಕಲಗೂಡು ತಾಲ್ಲೂಕಿನವರಿಗೆ ಈ ಮಾತು ತಟ್ಟನೆ ಅರ್ಥವಾಗುತ್ತದೆ. ಅಲ್ಲಿಯ ರೈತರು ಹೊಗೆಸೊಪ್ಪನ್ನು ಬೆಳೆಯುತ್ತಾರೆ. ಬ್ಯಾರನ್ನುಗಳಲ್ಲಿ ಹಗಲಿರುಳೂ ಸೌದೆ ಉರಿಸಿ ಎಲೆಯನ್ನು ಹದಗೊಳಿಸುವ ಕೆಲಸ ಸುಲಭವಲ್ಲ; ಒಂದು ಕಿಲೋ ಎಲೆಗೆ ಹಲವು ಕಿಲೋ ಸೌದೆ ಬೇಕು, ಊರ ಮರಗಳಿಗೂ ಅದರಿಂದ ಕೇಡು. ಆರೋಗ್ಯದ ಮಾತು ಇರಲಿ. ಆದರೂ ಬೆಳೆಯುತ್ತಾರೆ. ಏಕೆಂದರೆ ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜುಕಟ್ಟೆಯಿದೆ; ಕೊಳ್ಳುವ ಕಂಪೆನಿಗಳು ಅಲ್ಲಿಗೆ ಬಂದೇ ಕೊಳ್ಳಬೇಕು. ಬೆಲೆ ಬಿದ್ದ ವರ್ಷ ರೈತರು ಅದೇ ಕಟ್ಟೆಯ ಮುಂದೆ ಕುಳಿತು ಜಗಳವಾಡುತ್ತಾರೆ. ಜಗಳವಾಡುವುದಕ್ಕೊಂದು ಜಾಗವಾದರೂ ಇದೆ. ಹೊಂಗೆಗೆ ಅಂತಹ ಕಟ್ಟೆಯೊಂದನ್ನು ಯಾರೂ ಕಟ್ಟಲಿಲ್ಲ. ನೆಲಕ್ಕೆ ಹಿತವಾದ ಮರಕ್ಕೆ ಮಾರುಕಟ್ಟೆಯಿಲ್ಲದೆ, ಅಹಿತವಾದ ಸೊಪ್ಪಿಗೆ ಕಾನೂನಿನ ಮಾರುಕಟ್ಟೆಯಿರುವುದು ವಿಚಿತ್ರವೆನಿಸಿದರೂ ಸತ್ಯ.

ಮಡೆನೂರಿನ ಪ್ರಯತ್ನವನ್ನು ವ್ಯರ್ಥವೆನ್ನುವುದು ತಪ್ಪಾಗುತ್ತದೆ. ಒಳ್ಳೆಯ ತಳಿಗಳನ್ನು ಆರಿಸುವುದು, ಕಸಿ ಕಟ್ಟಿ ಬೇಗ ಫಲ ಬರುವಂತೆ ಮಾಡುವುದು, ಹಿಂಡಿಯ ಉಪಯೋಗವನ್ನು ತೋರಿಸುವುದು, ಇವು ಉಳಿಯುವ ಕೆಲಸಗಳು. ಎಣ್ಣೆಯ ಲೆಕ್ಕದಲ್ಲಿ ಸೋತರೂ ನೆರಳಿನ, ಸೊಪ್ಪಿನ, ಗೊಬ್ಬರದ ಲೆಕ್ಕದಲ್ಲಿ ಬದುವಿನ ಹೊಂಗೆ ಸೋತಿಲ್ಲ. ಕೇಂದ್ರ ಸರ್ಕಾರವು 2018ರಲ್ಲಿ ಹೊಸ ನೀತಿಯನ್ನು ಪ್ರಕಟಿಸಿ, ಇಪ್ಪತ್ತರ ಗುರಿಯನ್ನು ಐದಕ್ಕೆ ಇಳಿಸಿ, ಗಡುವನ್ನು 2030ಕ್ಕೆ ಮುಂದೂಡಿತು. ಅಡಿಗೆಮನೆಯ ಕರಿದ ಎಣ್ಣೆಯನ್ನೂ ಅದರ ಲೆಕ್ಕಕ್ಕೆ ತೆಗೆದುಕೊಂಡಿದೆ.

ಆ ಮೊದಲ ವರ್ಷಗಳಲ್ಲಿ ನೆಟ್ಟು ಬದುಕಿಕೊಂಡ ಸಸಿಗಳು ಈಗ ತುಂಬುಫಲದ ಮರಗಳಾಗುವ ವಯಸ್ಸಿನವು. ಮಾಘ ಕಳೆದು ಚೈತ್ರ ಬರುವವರೆಗೆ ಕಾಯಿ ಉದುರುತ್ತದೆ. ಆಯ್ದ ಬೀಜವನ್ನು ಸಂತೆಯ ದಿನ ಚೀಲದಲ್ಲಿ ಹೊತ್ತುಕೊಂಡು ಹೋದವರು ಅಂಗಡಿಯವನು ಹೇಳಿದ ಬೆಲೆಗೆ ಕೊಟ್ಟು ಬರುತ್ತಾರೆ. ಎಣ್ಣೆ ಸಾಬೂನಿಗೂ ಚರ್ಮದ ಕೆಲಸಕ್ಕೂ, ಹಿಂಡಿ ಗೊಬ್ಬರದ ಅಂಗಡಿಗೂ ಹೋಗುತ್ತದೆ. ಕೊಳ್ಳುವವರು ಬಾರದ ವರ್ಷ ಬೀಜವು ಮರದಡಿಯಲ್ಲಿಯೇ ಬಿದ್ದು, ಮುಂಗಾರಿನ ಮೊದಲ ಮಳೆಗೆ ಮೊಳೆಯುತ್ತದೆ.